ಒಸಾಕಾದ ಫರ್ನಿಚರ್ ಬೀದಿಯಲ್ಲಿ ಒಂದು ಮಧ್ಯಾಹ್ನ

ಇವತ್ತು ಒಸಾಕಾದ ಮಿನಾಮಿ ಹೊರಿಯೆಯಲ್ಲಿ ಸುಮ್ನೆ ಅಲೆದಾಡಿದೆ. ತಾಚಿಬಾನಾ ದೋರಿ ಅನ್ನೋ ಬೀದಿ, ಈಗ ಎಲ್ಲರ ಬಾಯಲ್ಲೂ ಆರೆಂಜ್ ಸ್ಟ್ರೀಟ್. ತಾಚಿಬಾನಾ ಅಂದರೆ ಜಪಾನಿನ ಒಂದು ಜಾತಿಯ ಪುಟ್ಟ ಕಿತ್ತಳೆ, ಅದಕ್ಕೇ ಆ ಹೆಸರು.

ಎಲ್ಲಿ ನೋಡಿದರೂ ಬಟ್ಟೆ ಅಂಗಡಿ, ಶೂ ಅಂಗಡಿ, ಕೆಫೆ. ಆದರೆ ಒಂದು ಕಾಲಕ್ಕೆ ಇದು ಫರ್ನಿಚರ್‌ನವರ ಬೀದಿ. 1698ರಲ್ಲಿ ಇಲ್ಲಿ ಹೊರಿಯೆ ಕಾಲುವೆ ತೋಡಿದರು, ಸುತ್ತಲಿನ ಕಾಲುವೆಗಳಲ್ಲಿ ಮರ ಬರುತ್ತಿತ್ತು, ಮರ ಬಂದ ಕಡೆ ಬಡಗಿಗಳೂ ಬಂದರು. ಈಗ ಆ ಕಾಲುವೆ ಮುಚ್ಚಿ ಹೋಗಿದೆ. ವ್ಯಾಪಾರ ಬಿದ್ದುಹೋದಾಗ 1990ರ ದಶಕದಲ್ಲಿ ಇಲ್ಲಿನ ಅಂಗಡಿಯವರೇ ಸೇರಿ ಬೀದಿಗೆ ಮತ್ತೆ ಜನ ಬರೋ ಹಾಗೆ ಮಾಡಿದರಂತೆ. ಅದು ನನಗೆ ತುಂಬಾ ಇಷ್ಟವಾಯ್ತು.

ಉಳಿದಿರೋ ಒಂದು ಹಳೇ ಅಂಗಡಿಯೊಳಗೆ ಹೋದೆ. ‘ಕಿರಿ’ ಅನ್ನೋ ಹಗುರವಾದ ಜಪಾನಿ ಮರದ ತಾನ್ಸು ಇತ್ತು, ಅಂದರೆ ಬಟ್ಟೆ ಇಡೋ ಡ್ರಾಯರ್‌ಗಳ ಪೆಟ್ಟಿಗೆ. ಅಂಗಡಿಯ ಅಜ್ಜ ಕೆಳಗಿನ ಡ್ರಾಯರ್ ಮೆಲ್ಲಗೆ ಒಳಗೆ ತಳ್ಳಿದರು. ಮೇಲಿನದು ತಾನಾಗೇ ಹೊರಗೆ ಬಂತು! ಒಳಗಿನ ಗಾಳಿಗೆ ಹೋಗಲು ಬೇರೆ ಸಂದಿಯೇ ಇಲ್ಲ, ಅಷ್ಟು ನಿಖರವಾದ ಕೆಲಸ. ನಾನೂ ತಳ್ಳಿ ನೋಡಿದೆ, ಮೂರು ಸಲ. ಇಂಥ ಕೈಗಳಿದ್ದ ಬೀದಿ ಇದು ಅಂತ ಹೊರಗೆ ಓಡಾಡೋ ಎಷ್ಟು ಜನಕ್ಕೆ ಗೊತ್ತೋ! ಅಜ್ಜ ಮಾತ್ರ ನಗುತ್ತಾ ಎರಡೂ ಡ್ರಾಯರ್ ಮುಚ್ಚಿ, ಬಟ್ಟೆಯಿಂದ ಒರೆಸಿದರು.