ಲ್ಯುಕೇಮಿಯಾ ಇರುವ ಬೆಕ್ಕಿನ ಮರಿಯನ್ನು ಯಾರು ಸಾಕಿಕೊಳ್ಳುತ್ತಾರೆ?

ಬೀದಿಯಲ್ಲಿ ಸಿಕ್ಕ ಬೆಕ್ಕಿನ ಮರಿಗಳಿಗೆ ಮನೆ ಹುಡುಕುವ ಕೆಲಸ ಮಾಡುವ ನನ್ನನ್ನು ಜನ ಮತ್ತೆ ಮತ್ತೆ ಕೇಳುವುದು ಇದನ್ನೇ: ಲ್ಯುಕೇಮಿಯಾ ಇದೆಯೆಂದು ಗೊತ್ತಿದ್ದೂ ಅಂಥ ಮರಿಯನ್ನು ಯಾರಾದರೂ ಮನೆಗೆ ಕರೆದೊಯ್ಯುತ್ತಾರೆಯೇ? ಕರೆದೊಯ್ಯುತ್ತಾರೆ. ಆದರೆ ಮರಿಯ ಸ್ಥಿತಿಯನ್ನು ಮೊದಲ ಮಾತಿನಲ್ಲೇ ಹೇಳಿದಾಗ ಮಾತ್ರ ಆ ಮನೆ ಮರಿಗೆ ಕೊನೆಯವರೆಗೂ ಉಳಿಯುತ್ತದೆ.

ಜನರನ್ನು ಮೊದಲು ಹೆದರಿಸುವುದು ಈ ಕಾಯಿಲೆಯ ಹೆಸರು. ಲ್ಯುಕೇಮಿಯಾ ಎಂದರೆ ರಕ್ತದ ಕ್ಯಾನ್ಸರ್, ಆದರೆ ಇಲ್ಲಿ ಹೇಳುತ್ತಿರುವುದು ಬೆಕ್ಕುಗಳಿಗೆ ತಗುಲುವ ಒಂದು ವೈರಸ್ ಸೋಂಕು. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ಮತ್ತು ಅವರ ಸಂಗಡಿಗರು ಕ್ಯಾನ್ಸರ್ ಇದ್ದ ಬೆಕ್ಕಿನಲ್ಲಿ ಈ ವೈರಸ್ಸನ್ನು ಕಂಡದ್ದರಿಂದ ಇದಕ್ಕೆ ಲ್ಯುಕೇಮಿಯಾ ಎಂಬ ಹೆಸರು ಅಂಟಿಕೊಂಡಿತು. ವಾಸ್ತವದಲ್ಲಿ ಸೋಂಕು ತಗುಲಿದ ಎಲ್ಲ ಬೆಕ್ಕುಗಳಿಗೂ ಕ್ಯಾನ್ಸರ್ ಬರುವುದಿಲ್ಲ; ಎಷ್ಟೋ ಬೆಕ್ಕುಗಳನ್ನು ಬಾಧಿಸುವುದು ರಕ್ತಹೀನತೆ, ಇಲ್ಲವೇ ರೋಗನಿರೋಧಕ ಶಕ್ತಿ ಕುಗ್ಗಿದಾಗ ಬರುವ ಬೇರೆ ಸೋಂಕುಗಳು. ಇದು ಮನುಷ್ಯರಿಗೆ ಅಂಟುವುದಿಲ್ಲ, ನಾಯಿಗಳಿಗೂ ಅಂಟುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ.

ಮನೆ ಹುಡುಕುವುದಕ್ಕೆ ಮುಂಚೆ ಪರೀಕ್ಷೆಯ ವಿಷಯ ಇತ್ಯರ್ಥವಾಗಬೇಕು. ಒಂದೇ ಸೂಲಿನ ಮರಿಗಳಾದರೂ ಪ್ರತಿಯೊಂದನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು, ಏಕೆಂದರೆ ಒಂದರ ಫಲಿತಾಂಶದಿಂದ ಇನ್ನೊಂದರ ಸ್ಥಿತಿ ತಿಳಿಯುವುದಿಲ್ಲ. ಚಿಕಿತ್ಸಾಲಯದಲ್ಲಿ ಕೆಲವೇ ನಿಮಿಷಗಳಲ್ಲಿ ಮಾಡುವ ಪರೀಕ್ಷೆ ರಕ್ತದಲ್ಲಿರುವ ವೈರಸ್ಸಿನ ಒಂದು ಪ್ರೋಟೀನನ್ನು ಹುಡುಕುತ್ತದೆ; ಅದು ಪಾಸಿಟಿವ್ ಬಂದರೆ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು ಮತ್ತು ಕೆಲವು ವಾರಗಳಾದ ಮೇಲೆ ಮತ್ತೆ ನೋಡಬೇಕು. ಕೆಲವು ಮರಿಗಳ ದೇಹ ವೈರಸ್ಸನ್ನು ಹತ್ತಿಕ್ಕಿ ರಕ್ತದಿಂದ ಹೊರಗಿಡುತ್ತದೆ, ಆದರೂ ಅದರ ವಂಶವಾಹಿ ಜೀವಕೋಶಗಳಲ್ಲಿ ಉಳಿದಿರುತ್ತದೆ. ಅಂಥವು ಬಹುಕಾಲ ಆರೋಗ್ಯವಾಗಿ ಬಾಳಬಹುದು, ಅಪರೂಪಕ್ಕೆ ವೈರಸ್ ಮತ್ತೆ ತಲೆಯೆತ್ತಲೂಬಹುದು. ಮೊದಲ ಪಾಸಿಟಿವ್ ಚೀಟಿಯನ್ನು ಕಂಡೊಡನೆ ಮರಿಗೆ ದಯಾಮರಣ ಕೊಡಿಸೋಣ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಇನ್ನು, ಎಂಥ ಮನೆ? ಜೊಲ್ಲೇ ಈ ವೈರಸ್ಸಿನ ಮುಖ್ಯ ವಾಹನ. ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲಲ್ಲಿ ತಿನ್ನುವುದು, ಕಚ್ಚಾಡುವುದು, ಇವೆಲ್ಲದರಿಂದ ಹರಡುವ ಇದು ತಾಯಿಯಿಂದ ಹೊಟ್ಟೆಯಲ್ಲಿರುವಾಗ ಅಥವಾ ಹಾಲಿನ ಮೂಲಕವೂ ಮರಿಗೆ ಬರಬಹುದು. ಆದ್ದರಿಂದ ಬೇರೆ ಬೆಕ್ಕಿಲ್ಲದ ಮನೆ, ಇಲ್ಲವೇ ಇದೇ ಸೋಂಕಿರುವ ಬೆಕ್ಕುಗಳಷ್ಟೇ ಇರುವ ಮನೆ ಬೇಕು. 'ನಮ್ಮ ಬೆಕ್ಕಿಗೆ ಲಸಿಕೆ ಹಾಕಿಸಿ ಈ ಮರಿಯನ್ನೂ ತರುತ್ತೇವೆ' ಎಂದು ಪ್ರೀತಿಯಿಂದ ಮುಂದೆ ಬರುವವರಿಗೆ ನಾನು ಸಾಮಾನ್ಯವಾಗಿ ಬೇಡವೆನ್ನುತ್ತೇನೆ. ಲಸಿಕೆ ಒಳ್ಳೆಯ ರಕ್ಷಣೆಯೇ, ಆದರೆ ಪೂರ್ಣ ರಕ್ಷಣೆಯಲ್ಲ. ಆರೋಗ್ಯವಾಗಿರುವ ಬೆಕ್ಕನ್ನು ಅಪಾಯಕ್ಕೆ ಒಡ್ಡಿ ಇನ್ನೊಂದಕ್ಕೆ ನೆಲೆ ಕಲ್ಪಿಸುವುದು ನನಗೆ ಸರಿಯೆನಿಸುವುದಿಲ್ಲ.

ನನ್ನ ಅನುಭವದಲ್ಲಿ ಇಂಥ ಮರಿಗಳನ್ನು ಕರೆದೊಯ್ದವರಲ್ಲಿ ಹೆಚ್ಚಿನವರು ಇದೇ ಕಾಯಿಲೆಯಿಂದ ಒಂದು ಬೆಕ್ಕನ್ನು ಕಳೆದುಕೊಂಡವರು. ಎರಡು ಪಾಸಿಟಿವ್ ಬೆಕ್ಕುಗಳಿದ್ದ ಮನೆಯಲ್ಲಿ ಒಂದು ತೀರಿಕೊಂಡರೆ ಉಳಿದದ್ದು ಒಂಟಿಯಾಗುತ್ತದೆ, ಅದಕ್ಕೆ ಸೋಂಕಿಲ್ಲದ ಜೊತೆಗಾರನನ್ನು ತರುವಂತಿಲ್ಲ. ನಮ್ಮ ಮರಿಗೆ ಬಾಗಿಲು ತೆರೆಯುವುದು ಅಲ್ಲಿ. ಬೆಕ್ಕು ಸತ್ತ ಮೇಲೆ ಮನೆಯಲ್ಲಿ ವೈರಸ್ ಉಳಿದಿರಬಹುದೆಂದು ಅಂಜುವವರೂ ಇದ್ದಾರೆ. ಒಣಗಿದ ಜಾಗದಲ್ಲಿ ಅದು ಕೆಲವೇ ಗಂಟೆಗಳಲ್ಲಿ ನಾಶವಾಗುತ್ತದೆ, ಸಾಬೂನು ನೀರಿಗೂ ನಿಲ್ಲುವುದಿಲ್ಲ. ಒಂದೇ ಸೂಲಿನ ಎರಡು ಮರಿಗಳೂ ಪಾಸಿಟಿವ್ ಆಗಿದ್ದರೆ ನಾನು ಅವುಗಳನ್ನು ಬೇರ್ಪಡಿಸದೆ ಜೋಡಿಯಾಗಿಯೇ ಕೊಡುತ್ತೇನೆ. ಜೋಡಿಗೆ ಮನೆ ಸಿಗುವುದು ತಡವಾದರೂ ಕಾಯುತ್ತೇನೆ.

ಆಯುಸ್ಸಿನ ವಿಷಯವನ್ನು ನಾನು ಮರೆಮಾಚುವುದಿಲ್ಲ. ವೈರಸ್ ರಕ್ತದಲ್ಲಿ ನೆಲೆನಿಂತ ಬೆಕ್ಕುಗಳಲ್ಲಿ ಹೆಚ್ಚಿನವು ಸೋಂಕು ಖಚಿತವಾದ ಮೂರು ವರ್ಷಗಳೊಳಗೆ ತೀರಿಕೊಳ್ಳುತ್ತವೆ, ಎಳೆಯ ಮರಿಗಳಲ್ಲಿ ಕಾಯಿಲೆ ಇನ್ನೂ ಬೇಗ ಉಲ್ಬಣಿಸಬಹುದು. ಆದರೆ ಆ ಅವಧಿಯ ಬಹುಪಾಲು ಅವು ಓಡಿ, ಆಡಿ, ತೊಡೆಯ ಮೇಲೆ ಮಲಗಿ, ಬೇರೆ ಮರಿಗಳಂತೆಯೇ ಬಾಳಬಲ್ಲವು. ನಾನು ಮನೆಯವರಿಂದ ಕೇಳುವುದು ಇಷ್ಟು: ಮರಿಯನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು, ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಹಸಿ ಮಾಂಸ ಕೊಡಬಾರದು, ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸಬೇಕು, ವಸಡು ಬಿಳಿಚಿದರೆ, ಜ್ವರ ಬಂದರೆ, ಊಟ ಬಿಟ್ಟರೆ, ತೂಕ ಇಳಿದರೆ ಮರುದಿನಕ್ಕೆ ಕಾಯಬಾರದು.

ಇಷ್ಟನ್ನು ಕೇಳಿದ ಮೇಲೆ ಅನೇಕರು ಮೌನವಾಗುತ್ತಾರೆ, ಕೆಲವರು ಕ್ಷಮೆ ಕೇಳಿ ಹಿಂದೆ ಸರಿಯುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಮುಂದೆ ಬರುವ ಖರ್ಚು ಮತ್ತು ದುಃಖವನ್ನು ಹೊರಲಾರೆನೆಂದು ಮೊದಲೇ ಹೇಳುವುದು ಆರು ತಿಂಗಳಾದ ಮೇಲೆ ಮರಿಯನ್ನು ಹಿಂದಿರುಗಿಸುವುದಕ್ಕಿಂತ ಎಷ್ಟೋ ಮೇಲು. ಒಪ್ಪಿದವರಿಗೂ ಒಂದು ಮಾತು ಕೊಟ್ಟೇ ಕಳಿಸುತ್ತೇನೆ: ಯಾವ ಕಾರಣಕ್ಕೇ ಆಗಲಿ ಇಟ್ಟುಕೊಳ್ಳಲು ಆಗದಿದ್ದರೆ ಮರಿಯನ್ನು ಬೇರೆ ಯಾರಿಗೂ ಕೊಡದೆ ನನಗೇ ತಂದೊಪ್ಪಿಸಿ, ಅದರ ಜಾಗ ಇಲ್ಲಿ ಹಾಗೆಯೇ ಇರುತ್ತದೆ.