ನಾಲ್ಕು ಅಕ್ಷರಕ್ಕೆ ನಿಂತುಹೋದ ಬ್ಯಾಕಪ್

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ರಾತ್ರಿ ಪಾಳಿಯಲ್ಲಿ ನಡೆದ ಘಟನೆ ಇದು. ಅಂಗಡಿಗಳಿಂದ ದಾಸ್ತಾನಿನ ಲೆಕ್ಕ ತರಿಸಿಕೊಳ್ಳುತ್ತಿದ್ದ ‘ಸ್ಟಾಕ್‌ಸಿಂಕ್’ ಎಂಬ ನಮ್ಮ ತಂಡದ ಪ್ರೋಗ್ರಾಂ ಸಿಕ್ಕಿಹಾಕಿಕೊಂಡು, ಅದರ ನಾಲ್ಕೈದು ಪ್ರತಿಗಳು ಒಟ್ಟಿಗೆ ಓಡುತ್ತಿದ್ದವು. ಒಂದೊಂದರ ಪಿಐಡಿ (ಓಡುತ್ತಿರುವ ಪ್ರತಿಯ, ಅಂದರೆ ಪ್ರೊಸೆಸ್‌ನ, ಗುರುತಿನ ಸಂಖ್ಯೆ) ಹುಡುಕಿ ಅದನ್ನು ನಿಲ್ಲಿಸುವ ಕಿಲ್ ಕಮಾಂಡ್ ಕೊಡುವುದಕ್ಕಿಂತ ಹೆಸರು ಹಿಡಿದು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವುದು ಸುಲಭವೆಂದು ನಾನು ಎಲ್ಲಕ್ಕೂ ಅನುಮತಿಯಿರುವ ರೂಟ್ ಅಧಿಕಾರದಲ್ಲಿ ‘ಪಿಕಿಲ್ ಸಿಂಕ್’ ಎಂದು ಕೊಟ್ಟೆ. ಪಿಕಿಲ್ ಪರದೆಯ ಮೇಲೆ ಏನನ್ನೂ ತೋರಿಸಲಿಲ್ಲ. ಸಿಕ್ಕಿಕೊಂಡಿದ್ದ ಪ್ರತಿಗಳೆಲ್ಲ ಹೋಗಿದ್ದನ್ನು ಖಚಿತಪಡಿಸಿಕೊಂಡು ಟಿಕೆಟ್ (ಆ ದೂರಿನ ದಾಖಲೆ) ಮುಚ್ಚಿದೆ.

ಅದೇ ಸರ್ವರ್‌ನಿಂದ ಡೇಟಾಬೇಸ್‌ನ ಬ್ಯಾಕಪ್ ಫೈಲನ್ನು ಬೇರೊಂದು ಊರಿನ ಸರ್ವರ್‌ಗೆ ಕಳುಹಿಸುತ್ತಿದ್ದ ಆರ್‌ಸಿಂಕ್ ಕೂಡ ಆ ಕ್ಷಣವೇ ನಿಂತಿತ್ತೆಂಬುದು ಬೆಳಿಗ್ಗೆ ತಿಳಿಯಿತು. ಲಾಗ್‌ನಲ್ಲಿ ಸಿಗ್ನಲ್ (ಪ್ರೊಸೆಸ್‌ಗೆ ಕಳುಹಿಸುವ ಸೂಚನೆ) ಬಂದು ನಿಂತಿದ್ದಕ್ಕೆ ಆರ್‌ಸಿಂಕ್ ಬರೆಯುವ ಎರರ್ ಕೋಡ್ 20 ಇತ್ತು. ‘ಪಾರ್ಶಿಯಲ್’ ಎಂಬ ಆಯ್ಕೆಯನ್ನು ಕೊಡದಿದ್ದರೆ ಆರ್‌ಸಿಂಕ್ ಅರ್ಧ ಬಂದ ಫೈಲನ್ನು ಆಚೆ ತುದಿಯಲ್ಲಿ ಅಳಿಸಿಬಿಡುತ್ತದೆ. ನಮ್ಮ ಸ್ಕ್ರಿಪ್ಟ್‌ನಲ್ಲಿ ಆ ಆಯ್ಕೆ ಇರಲಿಲ್ಲವಾದ್ದರಿಂದ ಐದು ಗಂಟೆಗಳ ವರ್ಗಾವಣೆ ಪೂರ್ತಿ ವ್ಯರ್ಥವಾಯಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಮಧ್ಯಾಹ್ನ ಅದನ್ನು ಮತ್ತೆ ಕಳುಹಿಸಿ ಮುಗಿಸುವವರೆಗೆ ಆ ದಿನದ ಬ್ಯಾಕಪ್ ಡೇಟಾಬೇಸ್ ಇದ್ದ ಸರ್ವರ್‌ನಲ್ಲಿ ಮಾತ್ರ ಇತ್ತೆಂಬ ಸಂಗತಿ.

ಪಿಕಿಲ್‌ಗೆ ನಾವು ಕೊಡುವುದನ್ನು ಹೆಸರು ಎಂದು ತಿಳಿದಿದ್ದೇ ನನ್ನ ತಪ್ಪು. ಅದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಹುಡುಕಾಟದ ಮಾದರಿ. ಹೆಸರಿನ ಯಾವ ಭಾಗದಲ್ಲಿ ಹೊಂದಿದರೂ ಸಾಕು, ಆ ಪ್ರೊಸೆಸ್‌ಗೆ ಸಿಗ್ನಲ್ ಹೋಗುತ್ತದೆ. ಎಸ್, ವೈ, ಎನ್, ಸಿ ಎಂಬ ನಾಲ್ಕು ಅಕ್ಷರಗಳು ಸ್ಟಾಕ್‌ಸಿಂಕ್‌ನಲ್ಲಿ ಇರುವಂತೆಯೇ ಆರ್‌ಸಿಂಕ್‌ನಲ್ಲೂ ಇವೆ. ಅವು ಗಡಿಯಾರವನ್ನು ಸರಿಹೊಂದಿಸುವ ‘ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ’ಯಲ್ಲೂ ಇವೆ, ಆದರೆ ಅದು ಆ ರಾತ್ರಿ ಉಳಿದುಕೊಂಡಿತು. ಏಕೆಂದರೆ ಲಿನಕ್ಸ್ ಕರ್ನಲ್ ಪ್ರೊಸೆಸ್‌ನ ಹೆಸರಿನಲ್ಲಿ ಮೊದಲ 15 ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಈ ಹೆಸರು 17 ಅಕ್ಷರಗಳದ್ದು, ಮತ್ತು 15ನೆಯ ಅಕ್ಷರಕ್ಕೆ ಕತ್ತರಿಸಿದಾಗ ಕೊನೆಗೆ ಉಳಿಯುವುದು ಎಸ್, ವೈ, ಎನ್ ಮಾತ್ರ. ಇದೇ ಮಿತಿಯ ಇನ್ನೊಂದು ಮುಖವೆಂದರೆ, 15ಕ್ಕಿಂತ ಉದ್ದದ ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಿದರೆ ಕಣ್ಣೆದುರೇ ಓಡುತ್ತಿರುವ ಪ್ರೊಸೆಸ್ ಕೂಡ ಪಿಕಿಲ್‌ಗೆ ಸಿಗುವುದಿಲ್ಲ.

ಆಗ ಬಹಳ ಜನ ಪಿಕಿಲ್‌ಗೆ ಹೈಫನ್ ಎಫ್ ಎಂಬ ಆಯ್ಕೆ ಸೇರಿಸುತ್ತಾರೆ. ಅದು ಹೆಸರಿನ ಬದಲು, ಪ್ರೊಸೆಸ್ಸನ್ನು ಶುರುಮಾಡಿದ ಇಡೀ ಕಮಾಂಡ್ ಸಾಲಿನಲ್ಲಿ ಹುಡುಕುತ್ತದೆ. ಜಾವಾ ಪ್ರೋಗ್ರಾಂಗಳಿಗೆ ಇದು ಬೇಕೇ ಬೇಕು, ಏಕೆಂದರೆ ಅವೆಲ್ಲವುಗಳ ಪ್ರೊಸೆಸ್ ಹೆಸರು ಸಾಮಾನ್ಯವಾಗಿ ‘ಜಾವಾ’ ಎಂದೇ ಇರುತ್ತದೆ, ಮತ್ತು ಆ ಹೆಸರು ಹಿಡಿದು ನಿಲ್ಲಿಸಿದರೆ ಸರ್ವರ್‌ನಲ್ಲಿರುವ ಎಲ್ಲ ಜಾವಾ ಸೇವೆಗಳೂ ನಿಲ್ಲುತ್ತವೆ. ಆದರೆ ಹೈಫನ್ ಎಫ್‌ನ ಬಲೆ ದೊಡ್ಡದು. ಹೆಸರಿನಲ್ಲಿ ಆ ಪದವಿರುವ ಫೈಲನ್ನು ಯಾರೋ ಎಡಿಟರ್‌ನಲ್ಲಿ ತೆರೆದಿದ್ದರೆ ಆ ಎಡಿಟರ್ ಕೂಡ ಅದರಲ್ಲಿ ಬೀಳುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಒಂದೇ ಸಾಲಿನಲ್ಲಿ ಇಂಥ ಪಿಕಿಲ್ ಸೇರಿದಂತೆ ಎರಡು ಮೂರು ಕಮಾಂಡ್‌ಗಳನ್ನು ಕಳುಹಿಸಿದಾಗ, ಅವನ್ನು ನಡೆಸುವ ಶೆಲ್‌ನ ಕಮಾಂಡ್ ಸಾಲಿನಲ್ಲೇ ಆ ಪದ ಇರುವುದರಿಂದ ಶೆಲ್ ಸತ್ತು ಮುಂದಿನ ಕಮಾಂಡ್‌ಗಳು ನಡೆಯುವುದೇ ಇಲ್ಲ. ಪಿಕಿಲ್ ತನ್ನನ್ನು ತಾನು ಬಿಟ್ಟುಕೊಳ್ಳುತ್ತದೆಯೇ ಹೊರತು ತನ್ನನ್ನು ಕರೆದ ಶೆಲ್ಲನ್ನು ತಾನಾಗಿ ಬಿಡುವುದಿಲ್ಲ.

ಬ್ಯಾಕಪ್‌ನ ಹೊಣೆ ಹೊತ್ತಿದ್ದ ಹಿರಿಯ ಸಹೋದ್ಯೋಗಿ ಅಂದು ನನ್ನನ್ನು ಗದರಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಪಿಗ್ರೆಪ್ ತೋರಿಸಿದರು. ಹುಡುಕುವ ಆಯ್ಕೆಗಳು ಪಿಗ್ರೆಪ್‌ಗೂ ಪಿಕಿಲ್‌ಗೂ ಒಂದೇ. ಒಂದು ಪಟ್ಟಿ ಕೊಡುತ್ತದೆ, ಇನ್ನೊಂದು ಸಿಗ್ನಲ್ ಕಳುಹಿಸುತ್ತದೆ. ಪಿಗ್ರೆಪ್‌ಗೆ ಹೈಫನ್ ಎ ಕೊಟ್ಟರೆ ಪಿಐಡಿಯ ಜೊತೆಗೆ ಪೂರ್ಣ ಕಮಾಂಡ್ ಸಾಲು ಕಾಣುತ್ತದೆ. ಹೈಫನ್ ಎಕ್ಸ್ ಕೊಟ್ಟರೆ ಹೆಸರು ಪೂರ್ತಿಯಾಗಿ ಹೊಂದಬೇಕು, ಹೈಫನ್ ಯು ಕೊಟ್ಟರೆ ಒಬ್ಬ ಬಳಕೆದಾರನ ಪ್ರೊಸೆಸ್‌ಗಳಷ್ಟೇ ಸಿಗುತ್ತವೆ. ಸೋಲಾರಿಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ಯಂತ್ರಗಳಲ್ಲಿ ಕೆಲಸ ಮಾಡಿದ್ದ ಅವರು ಕಿಲ್‌ಆಲ್ ಎಂಬ ಕಮಾಂಡ್ ಬಗೆಗೂ ಎಚ್ಚರಿಸಿದರು: ಲಿನಕ್ಸ್‌ನಲ್ಲಿ ಅದು ಹೆಸರು ಕೇಳುತ್ತದೆ, ಸೋಲಾರಿಸ್‌ನಲ್ಲಿ ಯಂತ್ರವನ್ನು ಮುಚ್ಚುವಾಗ ಚಾಲ್ತಿಯಲ್ಲಿರುವ ಎಲ್ಲವನ್ನೂ ಕೊಲ್ಲಲೆಂದೇ ಇರುವ ಕಮಾಂಡ್ ಅದು.

ಆ ರಾತ್ರಿ ನಾನು 9ನೆಯ ಸಿಗ್ನಲ್ ಕಳುಹಿಸುವ ಹೈಫನ್ 9 ಆಯ್ಕೆಯನ್ನು ಬಳಸಿರಲಿಲ್ಲ ಎಂಬುದಷ್ಟೇ ಸಮಾಧಾನ. ಏನೂ ಹೇಳದಿದ್ದರೆ ಪಿಕಿಲ್ ಕಳುಹಿಸುವುದು 15ನೆಯ ಸಿಗ್ನಲ್, ಸಿಗ್‌ಟರ್ಮ್. ಪ್ರೋಗ್ರಾಂ ಅದನ್ನು ಕೇಳಿಸಿಕೊಂಡು ತೆರೆದ ಫೈಲುಗಳನ್ನು ಮುಚ್ಚಿ ಹೊರಡಬಹುದು. ಆರ್‌ಸಿಂಕ್ ತನ್ನ ಎರರ್ ಬರೆಯಲು ಸಾಧ್ಯವಾದದ್ದೂ, ನಾವು ಕಾರಣವನ್ನು ಬೇಗ ಕಂಡುಕೊಂಡದ್ದೂ ಅದರಿಂದಲೇ. 9ನೆಯ ಸಿಗ್ನಲನ್ನು ಯಾವ ಪ್ರೋಗ್ರಾಮೂ ತಡೆಹಿಡಿಯಲಾರದು, ಅದಕ್ಕೆ ಸಿದ್ಧವಾಗಲೂ ಆರದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಬ್ಬ ಬಳಕೆದಾರನ ಸಂಪರ್ಕದ ಪ್ರೊಸೆಸ್‌ಗೆ ಹೀಗೆ 9 ಕೊಟ್ಟರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಅದು ಉಳಿದೆಲ್ಲರ ಸಂಪರ್ಕಗಳನ್ನೂ ಕಡಿದು ರಿಕವರಿಗೆ ಇಳಿಯುತ್ತದೆ. ಡಿಸ್ಕ್‌ಗಾಗಿ ಕಾಯುತ್ತ ಡಿ ಸ್ಥಿತಿಯಲ್ಲಿರುವ ಪ್ರೊಸೆಸ್‌ಗಾದರೋ ಆ ಕಾಯುವಿಕೆ ಮುಗಿಯುವವರೆಗೆ 9 ಕೂಡ ತಟ್ಟುವುದಿಲ್ಲ.

ಈಗ ನಮ್ಮ ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ‘ಪಾರ್ಶಿಯಲ್’ ಇದೆ. ಸ್ಟಾಕ್‌ಸಿಂಕ್ ಈಗ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸೇವೆಯಾಗಿದೆ, ಹಾಗಾಗಿ ಅದನ್ನು ನಿಲ್ಲಿಸಲು ಸಿಸ್ಟಮ್‌ಡಿಯ ಸಿಸ್ಟಮ್‌ಸಿಟಿಎಲ್ ಕಮಾಂಡ್ ಸಾಕು. ಹೆಸರು ಹಿಡಿದು ನಿಲ್ಲಿಸಲೇಬೇಕಾದಾಗ ನಾನು ಮೊದಲು ಪಿಗ್ರೆಪ್ ಕೊಟ್ಟ ಪಟ್ಟಿಯನ್ನು ಟಿಕೆಟ್‌ಗೆ ಅಂಟಿಸಿ, ಪಾಳಿಯಲ್ಲಿರುವ ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ಓದಿದ ಮೇಲೆ, ಅದೇ ಕಮಾಂಡನ್ನು ವಾಪಸ್ ಕರೆದು ಪಿಗ್ರೆಪ್ ಇದ್ದಲ್ಲಿ ಪಿಕಿಲ್ ಎಂದು ತಿದ್ದುತ್ತೇನೆ.