ಬೋರ್ ನೀರಿನ ಹನಿ ಲೆಕ್ಕ: ಸಾಫ್ಟನರ್ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ

ಬೆಂಗಳೂರಿನ ಮಹದೇವಪುರ ಕಡೆ ನಮ್ಮ ಮನೆ. ನೀರು ಬರುವುದು ಮೂರು ದಾರಿಯಲ್ಲಿ: ಬೋರ್, ಕಾವೇರಿ, ಬೇಸಿಗೆಯಲ್ಲಿ ಟ್ಯಾಂಕರ್. ಮೂರೂ ಒಂದೇ ಸಂಪ್‌ಗೆ ಬೀಳುತ್ತವೆ. ಶವರ್ ತೂತು ಕಟ್ಟಿಕೊಳ್ಳುತ್ತದೆ, ಸ್ಟೀಲ್ ನಲ್ಲಿಯ ಮೇಲೆ ಬಿಳಿ ಕಲೆ, ಎಷ್ಟು ಸೋಪು ತಿಕ್ಕಿದರೂ ನೊರೆ ಇಲ್ಲ. ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಹಾಕಿಸಬೇಕು, ಸರಿ. ಆದರೆ ಎಷ್ಟು ದೊಡ್ಡದು? ಯಾವ ನಲ್ಲಿಗೆ? ಅಳೆಯದೆ ಕೊಳ್ಳುವುದು ಬೇಡ ಅನ್ನಿಸಿತು.

ಟಿಡಿಎಸ್ ಮೀಟರ್ ಈ ಏರಿಯಾದಲ್ಲಿ ಮನೆಗೊಂದು ಇದೆ. ಅದರಿಂದ ಈ ಕೆಲಸ ಆಗುವುದಿಲ್ಲ. ಕರಗಿದ ಎಲ್ಲ ಲವಣಗಳನ್ನೂ ಅದು ಒಟ್ಟಿಗೆ ಅಂದಾಜು ಮಾಡುತ್ತದೆ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಹಾಗಾಗಿ ಟಿಡಿಎಸ್ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಹೊಸ ಸಾಫ್ಟನರ್‌ನ ನೀರಿಗೆ ಮೀಟರ್ ಅದ್ದಿ, "ಇದು ಕೆಲ್ಸಾನೇ ಮಾಡ್ತಿಲ್ಲ" ಎಂದು ಜಗಳಕ್ಕೆ ನಿಂತವರನ್ನು ನೋಡಿದ್ದೇನೆ.

ಮಾರ್ಚ್

ನೀರಿನ ಗಡಸುತನ, ಅಂದರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳೆಯಲು ಹನಿ ಹಾಕುವ ಕಿಟ್ ತರಿಸಿದೆ. ನೀರಿಗೆ ಸೂಚಕ ಹಾಕಿದರೆ ದ್ರಾಕ್ಷಿ ಕೆಂಪು. ಆಮೇಲೆ ಇವೆರಡನ್ನೂ ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಒಂದೊಂದೇ ಹನಿ ಬಿಡುತ್ತಾ ಹೋಗಬೇಕು. ಪೂರ್ತಿ ನೀಲಿಯಾದ ಕೂಡಲೇ ನಿಲ್ಲಿಸಿ ಲೆಕ್ಕ ಹಾಕಬೇಕು. ನನ್ನ ಕಿಟ್‌ನಲ್ಲಿ ಒಂದು ಹನಿ ಅಂದರೆ ಲೀಟರಿಗೆ 25 ಮಿಲಿಗ್ರಾಂ ಗಡಸುತನ. ಸಂಪ್‌ಗೆ ಬೀಳುವ ಮೊದಲೇ ಹಿಡಿದ ಕಾವೇರಿ ನೀರು 125. ಬೋರ್ 525. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600.

ಅಮ್ಮನಿಗೆ ಈ ಕಿಟ್ ಬಗ್ಗೆ ಕುತೂಹಲವೇ ಇಲ್ಲ. "ಬೋರ್ ನೀರಿಗೆ ಬೇಳೆ ಬೇಯಲ್ಲ ಕಣೋ, ಇದನ್ನ ತಿಳಿಯೋಕೆ ಬಣ್ಣ ಬೇಕಾ?" ಎಂದರು. ಮಾತು ನಿಜವೇ. ಬೇಳೆಯೊಳಗಿನ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿದರೆ ಅದು ಗಟ್ಟಿಯಾಗುತ್ತದೆ, ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಕರಗುವುದಿಲ್ಲ. ಅವರು ಮೊದಲಿನಿಂದಲೂ ಕಾವೇರಿ ನೀರನ್ನು ಬೇರೆ ಕೊಡದಲ್ಲಿ ಹಿಡಿದಿಡುತ್ತಾರೆ.

ಏಪ್ರಿಲ್

ಗೀಸರ್ ಬಿಚ್ಚಿಸಿದೆವು. ಕಾಯಿಲ್ ಸುತ್ತ ಸುಣ್ಣದ ಪದರ, ತಳದಲ್ಲಿ ಚೂರುಗಳ ರಾಶಿ. ಟ್ಯಾಂಕ್ ತುಕ್ಕು ಹಿಡಿಯದಂತೆ ತಡೆಯುವ ಮೆಗ್ನೀಸಿಯಂ ಕಡ್ಡಿ ಸವೆದು ತಂತಿ ಮಾತ್ರ ಉಳಿದಿತ್ತು. ನೀರು ಕಾದಾಗ ಅದರಲ್ಲಿನ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕೂರುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ. ಕಾಯಿಲನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಹಾಕಿದರೆ ಬುಸುಬುಸು ಎಂದು ಗುಳ್ಳೆ ಎದ್ದು ಪದರ ಕಳಚಿತು. ಹೊಸ ಕಡ್ಡಿ ಹಾಕಿಸಿ, ಥರ್ಮೋಸ್ಟಾಟನ್ನು 55 ಡಿಗ್ರಿಗೆ ಇಳಿಸಿದೆ. ಸ್ನಾನಕ್ಕೆ ಅಷ್ಟು ಸಾಕು, ಅಲ್ವಾ?

ಮೇ

ಈಗ ಸಾಫ್ಟನರ್ ಲೆಕ್ಕ. ಅದರೊಳಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿಯುವ ಸಣ್ಣ ಮಣಿಗಳೇ ರೆಸಿನ್. ಒಂದು ಲೀಟರ್ ರೆಸಿನ್ ಸುಮಾರು 45 ಗ್ರಾಂ ಗಡಸುತನ ಹಿಡಿಯುತ್ತದೆ ಎಂದುಕೊಳ್ಳಿ. 10 ಲೀಟರ್ ರೆಸಿನ್‌ಗೆ 450 ಗ್ರಾಂ. ಬರೀ ಬೋರ್ ನೀರಾದರೆ 850 ಲೀಟರ್ ದಾಟುವಷ್ಟರಲ್ಲಿ ತುಂಬಿಹೋಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆ ಹಿಡಿದರೆ ನಾಲ್ಕು ಜನರಿಗೆ 540. ಅಂದರೆ ಎರಡು ದಿನವೂ ಬಾಳದು! ಪ್ರತಿ ಸಲ ಒಂದು, ಒಂದೂವರೆ ಕಿಲೋ ಉಪ್ಪು ಸುರಿದು ರೆಸಿನ್ ತೊಳೆಯಬೇಕು. ಆ ಉಪ್ಪುನೀರು ಎಲ್ಲಿ ಹೋಗಬೇಕು? ಇಂಗುಗುಂಡಿಗೆ ಬಿಟ್ಟರೆ ಅಂತರ್ಜಲಕ್ಕೆ ಉಪ್ಪು ಬೆರೆಸಿದಂತೆ.

ಇಡೀ ಮನೆಗೆ ಹಾಕಿಸುವ ಯೋಚನೆಯನ್ನು ಇಲ್ಲಿಗೇ ಬಿಟ್ಟೆ. ಸಾಫ್ಟನರ್ ಮಾರುವವರು "ಸಾರ್, ಹಾಕೋದಾದ್ರೆ ಪೂರ್ತಿ ಹಾಕಿಸಿ" ಎನ್ನುತ್ತಾರೆ. ಫ್ಲಶ್‌ಗೆ, ಕಾರು ತೊಳೆಯೋಕೆ ಮೆದು ನೀರು ಯಾಕೆ? ಗಿಡಕ್ಕಂತೂ ಬೇಡವೇ ಬೇಡ, ಸೋಡಿಯಂ ಜಾಸ್ತಿಯಾದರೆ ಮಣ್ಣು ಕೆಡುತ್ತದೆ. ಸ್ನಾನಕ್ಕೆ, ವಾಷಿಂಗ್ ಮಷಿನ್‌ಗೆ ಮಾತ್ರ ಬೇರೆ ಲೈನ್.

ಜೂನ್

ಲೈನ್ ಬೇರೆ ಮಾಡಲು ಪ್ಲಂಬರ್ ಗೋಡೆ ಕೊರೆದ. ಧೂಳಿನ ವಿಷಯ ಬೇಡ. ಕಾವೇರಿಗೆ ತಾರಸಿಯ ಮೇಲೆ ಪ್ರತ್ಯೇಕ ಟ್ಯಾಂಕ್ ಬಂತು. ಅಲ್ಲಿಂದ ಅಡುಗೆಮನೆಗೆ ನೇರ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಐದನೇ ಹಂತ ಬೆಂಗಳೂರು ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದೇ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ. ನಮ್ಮ ರಸ್ತೆಗೆ ಮಾತ್ರ ನೀರು ಬಿಟ್ಟು ಬಿಟ್ಟು ಬರುತ್ತದೆ. ಹಾಗಾಗಿ ಸ್ನಾನಕ್ಕೂ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ತಾರಸಿಯಿಂದ ಡ್ರಮ್‌ಗೆ ಹಿಡಿದ ಮಳೆನೀರಿಗೆ ಒಂದೇ ಹನಿ, ಆಗಲೇ ನೀಲಿ. ಗಡಸುತನ ಬೆರೆಯುವುದು ನೇರ ಲೆಕ್ಕದಲ್ಲಿ. ಬೋರ್ ನೀರಿಗೆ ಅಷ್ಟೇ ಮಳೆನೀರು ಸೇರಿಸಿದರೆ 525 ಇದ್ದದ್ದು 275ರ ಒಳಗೆ ಬರುತ್ತದೆ. ರೆಸಿನ್ ಹೆಚ್ಚುಕಮ್ಮಿ ಎರಡರಷ್ಟು ದಿನ ಬಾಳುತ್ತದೆ, ಉಪ್ಪೂ ಅರ್ಧ. ಹಾಗಾಗಿ ಸಾಫ್ಟನರ್ ಆರ್ಡರ್ ತಡೆಹಿಡಿದಿದ್ದೇನೆ. ಮೊದಲು ತಾರಸಿಯ ಪೈಪಿಗೆ ಫಿಲ್ಟರ್, ಮೊದಲ ಮಳೆಯ ಕೊಳೆ ಹೊರಗೆ ಬಿಡಲು ಒಂದು ವಾಲ್ವ್. ಅದು ಕೂತ ಮೇಲೆ ಸಂಪ್ ನೀರನ್ನು ಮತ್ತೆ ಅಳೆದು ರೆಸಿನ್ ಎಷ್ಟು ಲೀಟರ್ ಬೇಕೆಂದು ನೋಡುತ್ತೇನೆ.